ಚೊಚ್ಚಲ ಮಗಳಿಗೆ ಅತ್ತಿಗೆ

ಕುನ್ಸುಲುವಿಗೆ ಹೆದರಿಕೆ ಎನ್ನುವುದೇ ಗೊತ್ತಿಲ್ಲ ಎಂದು ಕಿಝಿಲೋರ್ದಾ ಪಟ್ಟಣದ ನಮ್ಮ ಓಣಿಯವರೆಲ್ಲ ಬಲವಾಗಿ ನಂಬಿದ್ದರು. ನಂಬದೆ ಏನು ಮಾಡುತ್ತಾರೆ? ಅವಳು ಓದಿದ್ದು ಹುಳುಗಳ ವಿದ್ಯೆ, ಹಿಡಿದದ್ದು ಮಿಡತೆಯ ಕಸುಬು. ಮಿಡತೆ ಎಲ್ಲಿ ಮೊಟ್ಟೆ ಇಟ್ಟಿದೆ, ಅದರ ಮರಿಗಳಿಗೆ ಎಂದು ರೆಕ್ಕೆ ಬಲಿಯುತ್ತದೆ, ಯಾವ ಗಾಳಿ ಹಿಡಿದು ಯಾರ ಹೊಲಕ್ಕೆ ಇಳಿಯುತ್ತವೆ ಎಂದು ಮುಂಚಿತವಾಗಿ ಹೇಳುವ ಕೆಲಸ ಅದು. ಅದಕ್ಕಾಗಿ ದೊಡ್ಡದೊಂದು ಅಂತರರಾಷ್ಟ್ರೀಯ ಸಂಸ್ಥೆ ಅವಳನ್ನು ಮೊದಲು ಮಾರಿಟಾನಿಯಾಕ್ಕೆ, ಆಮೇಲೆ ಯೆಮೆನ್‌ಗೆ, ಅಲ್ಲಿಂದ ಇಥಿಯೋಪಿಯಾಕ್ಕೆ ಕಳಿಸಿತ್ತು. ಮರಳುಗಾಡಿನ ನಡುವೆ ಬಂದೂಕು ಹಿಡಿದ ಹುಡುಗರು ಜೀಪು ತಡೆದರೆ ಡ್ರೈವರ್ ದೇವರನ್ನು ನೆನೆಯುತ್ತಿದ್ದ; ಇವಳು ಕೆಳಗಿಳಿದು, ಒಲೆ ಹೂಡಿ, ಆ ಹುಡುಗರಿಗೆ ಟೀ ಕುಡಿಸಿ, ನಿಮ್ಮ ಜೋಳಕ್ಕೆ ಇನ್ನು ಇಷ್ಟು ದಿನದಲ್ಲಿ ಮಿಡತೆ ಬರುತ್ತದೆ ಎಂದು ಅವರನ್ನೇ ಹೆದರಿಸಿ ದಾರಿ ಬಿಡಿಸಿಕೊಂಡು ಬರುತ್ತಿದ್ದಳು. ಈ ಕಥೆಯನ್ನು ಅವಳ ಗಂಡ ಮಕ್ಸುತ್ ಮದುವೆ ಮನೆಗಳಲ್ಲಿ ಹೇಳಿ ಹೇಳಿ ಸವೆಸಿದ್ದಾನೆ.

ಅಂಥವಳು ಆ ಮೇ ತಿಂಗಳು ರಜೆಗೆ ಊರಿಗೆ ಬಂದಾಗ ಒಂಬತ್ತು ವರ್ಷದ ಒಂದು ಹುಡುಗಿಗೆ ಹೆದರಿ ಸಾಯುತ್ತಿದ್ದಳು. ಆ ಹುಡುಗಿ ಅವಳ ಹೊಟ್ಟೆಯಲ್ಲೇ ಹುಟ್ಟಿದವಳು.

ನಮ್ಮಲ್ಲಿ ಚೊಚ್ಚಲ ಮಗು ಹೆತ್ತವರದಲ್ಲ, ಅಜ್ಜ ಅಜ್ಜಿಯದು. ಅತ್ತೆ ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು ‘ಇದು ನನ್ನದು’ ಅಂದರೆ ಮುಗಿಯಿತು. ಆ ಮಗು ಅಜ್ಜಿಯನ್ನು ಅಮ್ಮ ಎಂದು ಕರೆಯುತ್ತದೆ, ಹೆತ್ತ ಅಪ್ಪನನ್ನು ಅಣ್ಣ ಎನ್ನುತ್ತದೆ, ಹೆತ್ತ ತಾಯಿಯನ್ನು ಅತ್ತಿಗೆ ಎನ್ನುತ್ತದೆ. ಹೆತ್ತವಳು ಅದನ್ನು ಮಗಳೇ ಎಂದು ಕರೆಯುವ ಹಾಗಿಲ್ಲ. ವಾಪಸು ಕೊಡಿ ಎಂದು ಬಾಯಿ ತೆರೆಯುವುದಂತೂ ದೂರದ ಮಾತು. ಹಾಗೆ ಕೇಳಿದ ಸೊಸೆ ಅತ್ತೆಯ ಮುಖಕ್ಕೆ ಹೊಡೆದಂತೆ. ಹೊರಗಿನವರು ಇದನ್ನು ಕೇಳಿ ಅಯ್ಯೋ ಪಾಪ ಅನ್ನುತ್ತಾರೆ. ಪಾಪ ಯಾರದ್ದೂ ಇಲ್ಲ. ಹಾಗೆ ಬೆಳೆದ ಮಕ್ಕಳು ನಮ್ಮ ಓಣಿಯಲ್ಲಿ ಬೇಕಾದಷ್ಟಿವೆ, ಎಲ್ಲವೂ ಅತಿ ಮುದ್ದಿನಿಂದ ಕೆಟ್ಟವು.

ಮೋಲ್ದಿರ್ ಹುಟ್ಟಿದಾಗ ಕುನ್ಸುಲುವಿನ ಕೈಯಲ್ಲಿ ಮಾರಿಟಾನಿಯಾದ ಕೆಲಸವಿತ್ತು. ಅತ್ತೆ ಬಾತಿಮಾ ಮಗುವನ್ನು ಎತ್ತಿಕೊಂಡು ‘ಇದು ನನ್ನದು, ನೀನು ಹೋಗಿ ನಿನ್ನ ಹುಳ ಹಿಡಿ’ ಅಂದಳು. ಆಗ ಅದು ಸೊಸೆಗೆ ಅನುಕೂಲವೇ ಆಯಿತು, ಸುಳ್ಳು ಯಾಕೆ ಹೇಳಬೇಕು? ಎದೆಹಾಲು ಇನ್ನೂ ಬತ್ತದೆ ಅಂಗಿ ಒದ್ದೆಯಾಗುತ್ತಿದ್ದಾಗಲೇ ಅವಳು ವಿಮಾನ ಹತ್ತಿದಳು. ವಿಮಾನದಲ್ಲಿ ಅತ್ತಳು. ಇಳಿದ ಮೇಲೆ ಕೆಲಸವಿತ್ತು, ಮರೆತಳು. ಹಾಗೆ ಮರೆಯಲು ಬಂದದ್ದೇ ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಈ ದೇಶ ದೇಶ ಅಲೆಯುವ ಕಸುಬಿನವರು ಕೆಲಸ ಒಪ್ಪಿಕೊಳ್ಳುವ ರೀತಿಯೇ ಬೇರೆ. ಮೂರು ವರ್ಷಕ್ಕೊಂದು ಗುತ್ತಿಗೆ. ಒಂದು ಮುಗಿಯುವ ಮುಂಚೆ ಇನ್ನೊಂದನ್ನು ಹಿಡಿಯದಿದ್ದರೆ ಬೀದಿಗೆ ಬಿದ್ದ ಹಾಗೆ. ಹಾಗಾಗಿ ಗುತ್ತಿಗೆಯ ಮೂರನೆಯ ವರ್ಷ ಶುರುವಾಗುತ್ತಲೇ ಎಲ್ಲರ ಮುಖ ಸಣ್ಣದಾಗುತ್ತದೆ. ಕ್ಯಾಂಟೀನಿನಲ್ಲಿ ತಲೆಗೆ ತಲೆ ಸೇರಿಸಿ ಕೂರುತ್ತಾರೆ. ಅಲ್ಲಿ ಸಾಹೇಬ ಯಾರು, ಮನುಷ್ಯನೋ ಮೃಗವೋ, ಅಲ್ಲಿಂದ ಮುಂದಕ್ಕೆ ಎಲ್ಲಿಗೆ ಹಾರಬಹುದು, ಮಲೇರಿಯಾ ಬಂದರೆ ಆಸ್ಪತ್ರೆ ಇದೆಯೇ, ಮಾತು ಇಷ್ಟೇ. ಹೊರಗಿನಿಂದ ನೋಡಿದವರು ಎಂಥ ಧೈರ್ಯ ಅನ್ನುತ್ತಾರೆ. ಒಳಗೆ ಬರೀ ಪುಕ್ಕಲು. ಕುನ್ಸುಲು ಒಪ್ಪಿಕೊಂಡ ಮೂರು ಕೆಲಸಗಳನ್ನೂ ಹೆದರಿಕೊಂಡೇ ಒಪ್ಪಿಕೊಂಡಿದ್ದಳು, ಮುಂದಿನದು ಸಿಗದಿದ್ದರೆ ಎಂದು.

ಈಗ ಬಂದದ್ದು ರೋಮ್. ಮುಖ್ಯ ಕಚೇರಿ. ಗುತ್ತಿಗೆಯಲ್ಲ, ಕಾಯಂ ಕೆಲಸ. ಸಂಸಾರ ಕರೆತರಬಹುದು, ಮನೆ ಕೊಡುತ್ತಾರೆ, ಮಗುವಿಗೆ ಒಳ್ಳೆಯ ಶಾಲೆ. ಶುಕ್ರವಾರದ ಒಳಗೆ ಉತ್ತರ ಬೇಕು. ಅವಳು ಆ ಕೆಲಸಕ್ಕೆ ಅರ್ಜಿ ಹಾಕಿದ್ದೇ ಮೋಲ್ದಿರ್‌ಗಾಗಿ. ಕಳೆದ ಸಲ ರಜೆಗೆ ಬಂದಿದ್ದಾಗ ಹುಡುಗಿಗೆ ಜ್ವರ ಬಂದಿತ್ತು. ಕುನ್ಸುಲು ಹಣೆ ಮುಟ್ಟಲು ಕೈ ಚಾಚಿದರೆ ಮಗು ‘ಅಮ್ಮ ಬರ್ಲಿ’ ಎಂದು ಗೋಡೆಯ ಕಡೆ ಹೊರಳಿತ್ತು. ಆ ಗಳಿಗೆಯಿಂದ ಅವಳಿಗೆ ಒಂದೇ ಭಯ. ಇನ್ನು ನಾಲ್ಕು ವರ್ಷ ಹೀಗೇ ಕಳೆದರೆ ಈ ಮಗುವಿಗೆ ನಾನು ಏನೂ ಆಗಿ ಉಳಿಯುವುದಿಲ್ಲ, ಅತ್ತಿಗೆ ಕೂಡ ಆಗಿ ಉಳಿಯುವುದಿಲ್ಲ ಎಂದು.

ಶನಿವಾರ ಊರಿಗೆ ಬಂದವಳು ಬುಧವಾರವಾದರೂ ಅತ್ತೆಯ ಎದುರು ಬಾಯಿ ಬಿಟ್ಟಿರಲಿಲ್ಲ. ಅವಳಿಗೆ ಇದ್ದದ್ದು ಎರಡು ಹೆದರಿಕೆ. ಒಂದು, ಅತ್ತೆಯನ್ನು ಕೇಳಬೇಕಲ್ಲ ಎಂದು. ಅದಕ್ಕಿಂತ ದೊಡ್ಡದು, ಅತ್ತೆ ಹೂಂ ಅಂದರೂ ಮಗು ಬರುವುದಿಲ್ಲ ಅಂದುಬಿಟ್ಟರೆ ಎಂದು.

ಬುಧವಾರ ಮಧ್ಯಾಹ್ನ ಮಾರೆಮ್‌ಳ ಫೋನು ಬಂತು. ಮಾರೆಮ್ ಸೆನೆಗಲ್‌ನವಳು, ಮಾರಿಟಾನಿಯಾದಲ್ಲಿ ಇಬ್ಬರೂ ಒಂದೇ ಡೇರೆಯಲ್ಲಿ ಮಲಗಿ, ಒಂದೇ ಬಕೆಟ್ ನೀರಲ್ಲಿ ಸ್ನಾನ ಮಾಡಿದವರು.

‘ಹೂಂ ಅಂದ್ಯಾ?’

‘ಇನ್ನೂ ಇಲ್ಲ.’

‘ನಿಂಗೆ ಬುದ್ಧಿ ನೆಟ್ಟಗಿದ್ಯಾ? ರೋಮ್ ಕಣೇ! ನಮ್ಮೋರು ಯಾರಾದ್ರೂ ರೋಮ್ ಸಿಕ್ಕಿದ್ರೆ ಯೋಚ್ನೆ ಮಾಡ್ತಾ ಕೂರ್ತಾರಾ? ಮೊದ್ಲು ಹೂಂ ಅನ್ನು. ಹೆದರ್ಕೊಳ್ಳೋದಿದ್ರೆ ಆಮೇಲೆ ಪುರುಸೊತ್ತಾಗಿ ಹೆದರ್ಕೋ. ನಾವೆಲ್ಲ ಮಾಡೋದು ಹಾಗೇ ಅಲ್ವಾ?’

‘ಮಗು ವಿಷ್ಯ, ಮಾರೆಮ್.’

‘ಮಗೂನ ಕರ್ಕೊಂಡ್ ಬಾ. ಅದಕ್ಕೇನಂತೆ?’

‘ಅದು ನಂದಲ್ಲ.’

‘ನೀನೇ ಹೆತ್ತಿದ್ದು ಅಂದಿದ್ದೆ?’

‘ಹೆತ್ತಿದ್ದು ನಾನೇ.’

‘ಓಹೋ, ಹಂಗಾ?’ ಮಾರೆಮ್‌ಳ ದನಿ ಇಳಿಯಿತು. ‘ನನ್ನೂ ಹೆತ್ತೋಳು ಬೇರೆ, ಸಾಕಿದ್ದು ದೊಡ್ಡಮ್ಮ. ಹಂಗಿದ್ರೆ ನಾನು ಬಾಯ್ಮುಚ್ಕೊಳ್ತೀನಮ್ಮ. ಇದ್ರಲ್ಲಿ ಬುದ್ಧಿ ಹೇಳೋಕೆ ಯಾರಿಂದ್ಲೂ ಆಗಲ್ಲ.’

ಮಾತಿನ ಮಲ್ಲಿಯಂಥ ಮಾರೆಮ್ ಬಾಯಿ ಮುಚ್ಚಿಕೊಂಡದ್ದು ಕುನ್ಸುಲುವನ್ನು ಇನ್ನಷ್ಟು ಹೆದರಿಸಿತು.

ಮಕ್ಸುತ್‌ನ ಧೈರ್ಯದ ಬಗ್ಗೆ ಹೇಳದಿರುವುದೇ ಒಳ್ಳೆಯದು. ಅವನದು ಎಣ್ಣೆ ಬಾವಿಯ ಕೆಲಸ. ಹದಿನೈದು ದಿನ ಅಲ್ಲಿ, ಹದಿನೈದು ದಿನ ಮನೆಯಲ್ಲಿ. ಮನೆಯಲ್ಲಿದ್ದಾಗ ಸಿರ್ ನದಿಯ ದಂಡೆಯಲ್ಲಿ ಗಾಳ ಹಾಕಿ ಕೂರುತ್ತಾನೆ. ಆರಡಿ ಆಳು, ಬಾಯಿ ಕೊಟ್ಟರೆ ಊರು ನಗಿಸುತ್ತಾನೆ; ಅಮ್ಮನ ಎದುರು ಮಾತ್ರ ಬೆಕ್ಕಿನ ಮರಿ. ‘ಅಮ್ಮನ್ನ ನಾನು ಕೇಳ್ತೀನಿ’ ಎಂದು ಭಾನುವಾರ ಹೇಳಿದ. ಸೋಮವಾರ ‘ನಾಳೆ’ ಅಂದ. ಬುಧವಾರ ಸಂಜೆ ಅಡುಗೆಮನೆಯಲ್ಲಿ ಕುನ್ಸುಲು ಅವನ ತೋಳು ಹಿಡಿದು ನಿಲ್ಲಿಸಿಕೊಂಡಳು.

‘ಕೇಳ್ತೀರೋ ಇಲ್ವೋ?’

‘ಕೇಳ್ತೀನಿ ಮಾರಾಯ್ತಿ. ಅವ್ಳು ಇವತ್ತು ಅಕ್ಕಿ ಮೂಟೆ ಎಣಿಸಿ ಸುಸ್ತಾಗಿದ್ದಾಳೆ.’

‘ನಿಮ್ಗೂ ಬರೋಕೆ ಇಷ್ಟ ಇಲ್ವಾ? ಅದಾದ್ರೂ ಹೇಳ್ಬಿಡಿ.’

‘ನಾನು ರೋಮ್‌ನಲ್ಲಿ ಏನ್ ಮಾಡ್ಲೇ? ಎಣ್ಣೆ ಬಾವಿ ಬಿಟ್ಟು ನೂಡಲ್ಸ್ ಬಾವಿ ತೋಡ್ಲಾ?’ ಎಂದು ನಕ್ಕ. ಹೆಂಡತಿ ನಗಲಿಲ್ಲ. ಅವನ ನಗುವೂ ಆರಿತು. ‘ಬರ್ತೀನಿ. ನೀನು ಹೇಳಿದ್ ಕಡೆ ಬರ್ತೀನಿ. ಆದ್ರೆ ಮೋಲ್ದಿರ್‌ನ ಅಮ್ಮನ ಕೈಯಿಂದ ತಗೊಳ್ಳೋದು ಅಂದ್ರೆ ಜೀವ ನಡುಗತ್ತೆ ಕಣೇ ನಂಗೆ.’

ರಾತ್ರಿ ಊಟಕ್ಕೆ ಎಲ್ಲ ಕೂತರು. ಬಾತಿಮಾ ನಡುವೆ, ಅವಳ ಪಕ್ಕಕ್ಕೆ ಅಂಟಿಕೊಂಡು ಮೋಲ್ದಿರ್. ಸೊಸೆ ಟೀ ಸುರಿಯುವ ಜಾಗದಲ್ಲಿ. ಬಾತಿಮಾ ಬಜಾರಿನಲ್ಲಿ ಮೂವತ್ತು ವರ್ಷ ಅಕ್ಕಿ ಮಾರಿದವಳು. ಅವಳ ನಾಲಿಗೆಗೆ ಮೂಟೆ ಹೊರುವ ಗಂಡಸರೇ ದಾರಿ ಬಿಡುತ್ತಾರೆ.

‘ಏನ್ ಸೊರಗಿದ್ದೀಯೇ’ ಎಂದು ಅವಳು ಸೊಸೆಯ ತಟ್ಟೆಗೆ ಮಾಂಸ ತಳ್ಳಿದಳು. ‘ಅಲ್ಲಿ ನೀನು ಮಿಡತೆ ತಿಂತೀಯೋ, ಮಿಡತೆನೇ ನಿನ್ನ ತಿಂತಾವೋ?’

ಮೋಲ್ದಿರ್ ಕಿಸಕ್ಕನೆ ನಕ್ಕಳು. ನಕ್ಕು, ಅಜ್ಜಿಯ ತೋಳಿನ ಮರೆಯಿಂದ ಕೇಳಿದಳು. ‘ಅತ್ತಿಗೆ, ಈ ಸಲ ನೀನು ಯಾವಾಗ ಹೋಗ್ತೀಯಾ?’

ಬಂದಾಗಲೆಲ್ಲ ಅವಳು ಕೇಳುತ್ತಿದ್ದ ಪ್ರಶ್ನೆ ಇದು. ನಾನು ಹೋಗುವುದು ಮಗುವಿಗೆ ಬೇಸರವಿರಬೇಕು ಎಂದು ಕುನ್ಸುಲು ಪ್ರತಿ ಸಲವೂ ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಅವತ್ತೂ ಮಾಡಿಕೊಂಡಳು. ಈಗ ಹೇಳಿಬಿಡು, ಈಗಲೇ, ಎಂದು ಮನಸ್ಸು ಗುದ್ದಿತು. ‘ಇನ್ನೂ ಗೊತ್ತಿಲ್ಲ ಪುಟ್ಟಿ’ ಎಂದು ಟೀ ಸುರಿದಳು. ಬಟ್ಟಲಿನ ಅಂಚು ತುಂಬಿ ಚೆಲ್ಲಿತು. ತುಂಬಿ ತುಳುಕುವ ಟೀ ಕೊಡುವುದೆಂದರೆ ನಮ್ಮಲ್ಲಿ ಕುಡಿದು ಎದ್ದು ಹೋಗಿ ಎಂದ ಹಾಗೆ. ಬಾತಿಮಾ ಚೆಲ್ಲಿದ ಟೀಯನ್ನು ನೋಡಿದಳು, ಸೊಸೆಯ ಮುಖ ನೋಡಿದಳು, ಏನೂ ಅನ್ನಲಿಲ್ಲ. ಬಾತಿಮಾ ಏನೂ ಅನ್ನದಿದ್ದರೆ ಇನ್ನೂ ಭಯ.

ಗುರುವಾರ ಬೆಳಿಗ್ಗೆ ಕುನ್ಸುಲು ಎದ್ದು ಬರುವಷ್ಟರಲ್ಲಿ ಗಂಡ ಗಾಳ ಹೆಗಲಿಗೇರಿಸಿ ನದಿಗೆ ಹೋಗಿದ್ದ. ಅತ್ತೆ ಒಳಮನೆಯಲ್ಲಿ ಮೋಲ್ದಿರ್‌ಗೆ ಜಡೆ ಹೆಣೆಯುತ್ತಿದ್ದಳು. ಪಿಸುಪಿಸು ಮಾತು ಕೇಳುತ್ತಿತ್ತು. ಆಮೇಲೆ ಹುಡುಗಿ ಚೀಲ ಹಾಕಿಕೊಂಡು ಯಾರ ಮುಖವನ್ನೂ ನೋಡದೆ ಶಾಲೆಗೆ ಹೊರಟಳು. ಬಾತಿಮಾ ತಲೆವಸ್ತ್ರ ಬಿಗಿದುಕೊಂಡು, ‘ಬಜಾರಿಗೆ ಹೋಗ್ಬರ್ತೀನಿ, ಹಿಟ್ಟು ಕಲಸಿಡು’ ಎಂದಷ್ಟೇ ಹೇಳಿ ನಡೆದಳು. ಯಾವತ್ತೂ ಬೈಯದೆ ಬಾಗಿಲು ದಾಟದವಳು.

ಹಿಟ್ಟಿನಲ್ಲಿ ಕೈ ಇದ್ದಾಗಲೇ ಫೋನು ಬಂತು. ಶಾಲೆಯ ಟೀಚರು.

‘ಮೋಲ್ದಿರ್ ಇವತ್ತು ಯಾಕ್ ಬಂದಿಲ್ಲ? ಹುಷಾರಿಲ್ವಾ?’

‘ಬಂದಿಲ್ವಾ? ಬೆಳಿಗ್ಗೆನೇ ಹೊರಟ್ಳಲ್ಲ!’

‘ಇಲ್ವಲ್ಲ. ಯಾರು ಮಾತಾಡ್ತಿರೋದು?’

ಕುನ್ಸುಲು ಹಿಟ್ಟು ಮೆತ್ತಿದ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಆಮೇಲೆ, ‘ಅವ್ಳ ಅತ್ತಿಗೆ’ ಅಂದಳು.

‘ಸ್ವಲ್ಪ ಅವ್ರ ಅಮ್ಮಂಗೆ ಹೇಳಿ’ ಎಂದು ಟೀಚರು ಫೋನು ಇಟ್ಟರು.

ಹಿಟ್ಟಿನ ಕೈಯಲ್ಲೇ ಓಡಿದಳು. ಶಾಲೆಯ ದಾರಿಯಲ್ಲಿ ಇಲ್ಲ. ಮೂಲೆಯ ಅಂಗಡಿಯಲ್ಲಿ ಇಲ್ಲ. ಗೆಳತಿಯ ಮನೆಯ ಗೇಟಿಗೆ ಬೀಗ. ನಿನ್ನೆ ಅಡುಗೆಮನೆಯಲ್ಲಿ ಗಂಡನ ಜೊತೆ ಆಡಿದ ಮಾತು ಹುಡುಗಿಯ ಕಿವಿಗೆ ಬಿದ್ದಿರಬೇಕು ಎಂದು ಆಗ ಹೊಳೆಯಿತು. ಮೋಲ್ದಿರ್‌ನ ಅಮ್ಮನ ಕೈಯಿಂದ ತಗೊಳ್ಳೋದು. ಹಾಗಂದಿದ್ದ ಮಕ್ಸುತ್. ಯಾವ ಮಗು ಅದನ್ನು ಕೇಳಿ ಸುಮ್ಮನಿರುತ್ತದೆ?

ಭತ್ತದ ಗದ್ದೆಗಳಿಗೆ ಆ ವಾರವೇ ಕಾಲುವೆಯ ನೀರು ಬಿಟ್ಟಿದ್ದರು. ಓಣಿಯ ಹಿಂದೆಯೇ ಕಾಲುವೆ. ಕಲ್ಲುಗಟ್ಟಿದ ಇಳಿಜಾರು ದಂಡೆ, ಹಿಡಿಯಲು ಒಂದು ಹುಲ್ಲುಕಡ್ಡಿ ಇಲ್ಲ. ಕುನ್ಸುಲು ದಂಡೆಯುದ್ದಕ್ಕೂ ಓಡಿದಳು. ಮಣ್ಣು ಬಣ್ಣದ ನೀರು ಸದ್ದಿಲ್ಲದೆ ಜೋರಾಗಿ ಹೋಗುತ್ತಿತ್ತು. ನೀಲಿ ಬಣ್ಣದ್ದು ಏನೋ ತೇಲಿ ಬಂತು. ಮಗುವಿನ ಚೀಲ ನೀಲಿ. ಮೊಣಕಾಲೂರಿ, ಬಾಗಿ, ನೀರಿಗೆ ಕೈ ಹಾಕಿದಳು. ಗೊಬ್ಬರದ ಪ್ಲಾಸ್ಟಿಕ್ ಚೀಲ ಅದು. ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತುಬಿಟ್ಟಳು. ನನಗೆ ರೋಮ್ ಬೇಡ, ಮಗಳೂ ಬೇಡ, ಮಗು ಬದುಕಿದ್ದರೆ ಸಾಕು, ಯಾರ ಮಗುವಾದರೂ ಆಗಿರಲಿ ಎಂದು ಗಟ್ಟಿಯಾಗಿ ಹೇಳಿಕೊಂಡಳು. ಬಂದೂಕಿನ ಹುಡುಗರ ಎದುರು ನಿಂತದ್ದು ಧೈರ್ಯವಲ್ಲ, ಅಲ್ಲಿ ಕಳೆದುಕೊಳ್ಳಲು ಅವಳಿಗೆ ಏನೂ ಇರಲಿಲ್ಲ, ಅಷ್ಟೇ.

ಮಕ್ಸುತ್‌ಗೆ ಫೋನು ಹೋಗಲಿಲ್ಲ. ನದಿಯ ಕಡೆ ಸಿಗ್ನಲ್ ಇರುವುದಿಲ್ಲ. ಅತ್ತೆಗೆ ಫೋನು ಮಾಡಲು ಬೆರಳು ಏಳಲಿಲ್ಲ. ‘ನಿಮ್ಮ ಮಗಳು ಕಾಣ್ತಿಲ್ಲ, ನನ್ನಿಂದ’ ಎಂದು ಹೇಗೆ ಹೇಳುವುದು? ಅಕ್ಕಪಕ್ಕದವರನ್ನಾದರೂ ಕೂಗೋಣ ಎಂದು ಮನೆಯ ಅಂಗಳಕ್ಕೆ ವಾಪಸು ಬಂದಳು. ಬಂದವಳು ಕೊಟ್ಟಿಗೆಯ ಮುಂದೆ ನಿಂತಳು. ಗಾಳಿ ಒಂದಿಷ್ಟೂ ಇಲ್ಲ. ಆದರೂ ಕೊಟ್ಟಿಗೆಯ ಚಪ್ಪಟೆ ಮಾಡಿನ ಮೇಲೆ ಒಟ್ಟಿದ್ದ ಹುಲ್ಲಿನಿಂದ ನಾಲ್ಕಾರು ಎಸಳು ಉದುರಿದವು. ಗೋಡೆಗೆ ಯಾವಾಗಲೂ ಒರಗಿಸಿರುತ್ತಿದ್ದ ಏಣಿ ಅಲ್ಲಿರಲಿಲ್ಲ.

‘ಮೋಲ್ದಿರ್!’

ಹುಲ್ಲಿನ ರಾಶಿಯಿಂದ ಎರಡು ಜಡೆ, ಅತ್ತು ಊದಿದ ಮುಖ ಹೊರಬಂದವು. ಹುಡುಗಿ ಏಣಿಯನ್ನು ಮೇಲಕ್ಕೆಳೆದುಕೊಂಡು ಕೂತಿದ್ದಳು. ಬದುಕಿದ್ದಳು. ಕುನ್ಸುಲು ಗೋಡೆಗೆ ಒತ್ತಿ ನಿಂತು ಮೇಲಕ್ಕೆ ಕೈ ಚಾಚಿದಳು.

‘ಇಳಿದು ಬಾ ಪುಟ್ಟಿ. ಏಣಿ ಕೊಡು, ನಾನು ಹತ್ತಿ ಬರ್ತೀನಿ.’

‘ಬರ್ಬೇಡ! ಬಂದ್ರೆ ಹಾರಿಬಿಡ್ತೀನಿ!’ ಎಂದು ಮಗು ಕಿರುಚಿ, ಮಾಡಿನ ಹಿಂದಿನ ಅಂಚಿಗೆ ಸರಿಯಿತು. ಆ ಕಡೆ ಕೆಳಗೆ ಕಬ್ಬಿಣದ ನೇಗಿಲು, ಮುರಿದ ಇಟ್ಟಿಗೆ.

‘ಬರಲ್ಲ! ಬರಲ್ಲ ನಾನು! ನೋಡು, ಹಿಂದೆ ಹೋದೆ. ಅಲ್ಲಾಡ್ಬೇಡ, ನನ್ನವ್ವ. ಯಾಕೆ ಹತ್ತಿದ್ದೀಯಾ? ಏನಾಯ್ತು?’

‘ನೀನು ನನ್ನ ಕರ್ಕೊಂಡ್ ಹೋಗೋಕೆ ಬಂದಿದ್ದೀಯ.’

ಕುನ್ಸುಲು ಚಾಚಿದ್ದ ಕೈ ಕೆಳಗಿಳಿಸಿದಳು.

‘ನಂಗೆ ಗೊತ್ತಿತ್ತು. ನೀನು ಬಂದಾಗ್ಲೆಲ್ಲ ನಂಗೆ ಭಯ ಆಗತ್ತೆ. ನೀನು ಹೋಗೋವರ್ಗೂ ನಾನು ಅಮ್ಮನ ತೋಳು ಹಿಡ್ಕೊಂಡೇ ಮಲಗೋದು, ನಿದ್ದೇಲಿ ಎತ್ಕೊಂಡ್ ಹೋಗ್ಬಿಡ್ತೀಯ ಅಂತ. ಯಾವಾಗ ಹೋಗ್ತೀಯ ಅಂದ್ರೆ ನೀನು ಹೇಳೋದೂ ಇಲ್ಲ!’

ಮರಳುಗಾಡಿನಲ್ಲಿ, ಡೇರೆಯಲ್ಲಿ, ವಿಮಾನ ನಿಲ್ದಾಣಗಳ ಬೆಂಚುಗಳಲ್ಲಿ ಕುನ್ಸುಲು ಈ ಮಗುವಿಗೆ ಹೆದರಿದ್ದಳು. ಮಗುವೂ ಅಷ್ಟೇ ವರ್ಷ ತನಗೆ ಹೆದರಿ, ನಿದ್ದೆಗೆಟ್ಟು, ರಜೆ ಮುಗಿಯುವುದನ್ನೇ ಕಾಯುತ್ತಿತ್ತು ಎಂದು ಅವಳಿಗೆ ಕನಸಿನಲ್ಲೂ ಬಂದಿರಲಿಲ್ಲ.

‘ಕರ್ಕೊಂಡ್ ಹೋಗಲ್ಲ’ ಅಂದಳು.

‘ಸುಳ್ಳು.’

‘ನಿಜವಾಗ್ಲೂ.’

‘ರೊಟ್ಟಿ ಹಿಡ್ದು ಹೇಳು.’

ಹುಡುಗಿ ಎಷ್ಟೋ ದಿನ ಮೇಲೆಯೇ ಇರುವ ಲೆಕ್ಕ ಹಾಕಿ ಅಂಗಿಯ ಜೇಬಿನಲ್ಲಿ ಒಣಗಿದ ರೊಟ್ಟಿ, ಉಪ್ಪು ಮೊಸರಿನ ಗಟ್ಟಿ ಉಂಡೆ ತುಂಬಿಕೊಂಡು ಹತ್ತಿದ್ದಳು. ರೊಟ್ಟಿಯ ತುಂಡೊಂದನ್ನು ತೆಗೆದು ಕೆಳಕ್ಕೆ ಎಸೆದಳು. ನಮ್ಮ ಮಕ್ಕಳು ನಡೆಯಲು ಕಲಿಯುವ ಮುಂಚೆ ರೊಟ್ಟಿ ಎಸೆಯಬಾರದು ಎಂದು ಕಲಿಯುತ್ತವೆ. ಗೊತ್ತಿದ್ದೂ ಎಸೆದಳು ಎಂದರೆ ಎಷ್ಟು ಹೆದರಿರಬೇಕು! ಕುನ್ಸುಲುವಿನ ಕೈ ಯೋಚಿಸಲಿಲ್ಲ. ರೊಟ್ಟಿ ನೆಲ ಮುಟ್ಟಬಾರದು ಎಂದು ತಾನಾಗಿಯೇ ಚಾಚಿ ಹಿಡಿಯಿತು. ಹಿಡಿದಾದ ಮೇಲೆ ಆಣೆ ಅವಳ ಅಂಗೈಯಲ್ಲೇ ಇತ್ತು.

ರೊಟ್ಟಿ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ನುಂಗುವುದಿಲ್ಲ. ಕಳ್ಳರೂ ನುಂಗುವುದಿಲ್ಲ. ಅವಳು ಒಂದು ಗಳಿಗೆ ಆ ತುಂಡನ್ನೇ ನೋಡಿದಳು. ಮೇಲೆ ಮಗುವಿನ ಹಿಮ್ಮಡಿ ಮಾಡಿನ ಅಂಚು ದಾಟಿತ್ತು.

‘ಮೋಲ್ದಿರ್‌ನ ಅವ್ಳ ಅಮ್ಮನ ಹತ್ರದಿಂದ ನಾನು ಯಾವತ್ತೂ ಕರ್ಕೊಂಡ್ ಹೋಗಲ್ಲ. ಮಾತಿಗೆ ತಪ್ಪಿದ್ರೆ ಈ ರೊಟ್ಟಿನೇ ನನ್ನ ಹೊಡೀಲಿ.’

‘ಕಚ್ಚು.’

ಕಚ್ಚಿದಳು. ಒಣರೊಟ್ಟಿ, ಕಲ್ಲಿನ ಹಾಗಿತ್ತು. ಬಾಯಿ ತುಂಬ ಇಟ್ಟುಕೊಂಡು ಅಗಿಯುತ್ತಿದ್ದಾಗಲೇ ಗೇಟು ಕಿರ್ರೆಂದಿತು.

ಬಾತಿಮಾ ಬಂದಳು. ಅವಳ ಕೈಯಲ್ಲಿ ಒಂದು ಹೊಸ ಸೂಟ್‌ಕೇಸ್. ಕೆಂಪು ಬಣ್ಣದ್ದು, ಚಿಕ್ಕದು, ಮಕ್ಕಳು ಎಳೆದುಕೊಂಡು ಹೋಗುವಂಥದ್ದು, ಇನ್ನೂ ಪ್ಲಾಸ್ಟಿಕ್ ಸುತ್ತಿದ್ದದ್ದು.

ಅವಳು ಮಾಡಿನ ಮೇಲೆ ಮಗಳನ್ನು ನೋಡಿದಳು. ಅಂಗಳದಲ್ಲಿ ಸೊಸೆಯನ್ನು, ಸೊಸೆಯ ಕೈಯಲ್ಲಿ ಕಚ್ಚಿದ ರೊಟ್ಟಿಯನ್ನು ನೋಡಿದಳು. ಮೂವತ್ತು ವರ್ಷ ಬಜಾರಿನಲ್ಲಿ ಕೂತವಳು, ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

‘ಏನಂತ ಆಣೆ ಹಾಕ್ದೆ?’

ಕುನ್ಸುಲುವಿನ ಬಾಯಲ್ಲಿ ರೊಟ್ಟಿ. ಮಾತು ಬರಲಿಲ್ಲ. ಮೇಲಿನಿಂದ ಮೋಲ್ದಿರ್ ಕೂಗಿದಳು. ‘ನನ್ನ ಯಾವತ್ತೂ ಕರ್ಕೊಂಡ್ ಹೋಗಲ್ಲ ಅಂತ, ಅಮ್ಮಾ! ಕಚ್ಚಿದ್ಲು!’

ಬಾತಿಮಾ ಸೂಟ್‌ಕೇಸನ್ನು ಅಲ್ಲೇ ನೆಲಕ್ಕೆ ಇಟ್ಟು, ಅದರ ಮೇಲೆಯೇ ಧೊಪ್ಪನೆ ಕೂತಳು. ‘ಅಯ್ಯೋ ಮಂಕೇ’ ಅಂದಳು. ‘ಅಯ್ಯೋ ನನ್ನ ಮಂಕೇ, ಯಾರೇ ನಿಂಗೆ ಆಣೆ ಹಾಕು ಅಂದಿದ್ದು? ರಾತ್ರಿ ನೀನು ಮಲಗಿದ್ ಮೇಲೆ ಮಕ್ಸುತ್ ಬಂದು ಹೇಳ್ದ. ಹೇಳಿ, ಬೆಳಿಗ್ಗೆ ನಿನ್ನ ಮುಖ ನೋಡೋಕೂ ಧೈರ್ಯ ಇಲ್ದೆ ನದಿಗೆ ಓಡ್ದ, ಹೇಡಿ. ನಾನು ಬೆಳಗಾಗೋವರ್ಗೂ ಯೋಚ್ನೆ ಮಾಡ್ದೆ. ಜಡೆ ಹೆಣೀತಾ ನಾನೇ ಇವ್ಳಿಗೆ ಹೇಳ್ದೆ. ಹೋಗು ಮಗಾ, ಅವ್ಳೇ ನಿನ್ನ ಹೆತ್ತೋಳು, ಅವ್ಳ ಜೊತೆ ಹೋಗು ಅಂತ.’

ಕುನ್ಸುಲು ರೊಟ್ಟಿಯನ್ನು ಹೇಗೋ ನುಂಗಿದಳು. ‘ನೀವೇ ಹೇಳಿದ್ರಾ? ಮತ್ತೆ ನಂಗ್ಯಾಕೆ ಹೇಳ್ಲಿಲ್ಲ, ಅತ್ತೆ?’

‘ಹೇಳಿದ್ರೆ ಅತ್ತುಬಿಡ್ತೀನಿ ಅಂತ ಭಯ ಆಯ್ತು. ಸೊಸೆ ಎದುರಿಗೆ ಕೂತು ಅಳ್ಲಾ ನಾನು?’ ಎಂದು ಹೇಳುತ್ತಲೇ ಬಾತಿಮಾ ಅತ್ತಳು. ತಲೆವಸ್ತ್ರದ ತುದಿಯನ್ನು ಕಣ್ಣಿಗೆ ಒತ್ತಿಕೊಂಡು, ಬೈಯುತ್ತ, ಅತ್ತ ಕಡೆ ತಿರುಗಿ ಅತ್ತಳು. ಒಂದು ಗಂಟೆ, ಒಂದೇ ಒಂದು ಗಂಟೆ ತಾಳಿದ್ದರೆ ಕೇಳದೆಯೇ ಸಿಗುತ್ತಿದ್ದದ್ದನ್ನು ಕುನ್ಸುಲು ಅಗಿದು ನುಂಗಿಯಾಗಿತ್ತು. ಅವಳಿಗೂ ಅಳು ಒತ್ತರಿಸಿ ಬಂತು. ಆಣೆ ಬಿಡು ಎಂದು ಅತ್ತೆ ಅನ್ನಲಿಲ್ಲ, ಬಿಡುತ್ತೇನೆ ಎಂದು ಸೊಸೆಯೂ ಅನ್ನಲಿಲ್ಲ. ಅದು ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಇಬ್ಬರೂ ಅಳುವುದನ್ನು ನೋಡಿ ಮೋಲ್ದಿರ್ ಏಣಿ ಇಳಿಸಿದಳು. ಇಳಿದು ಬಂದು ನಡುವೆ ನಿಂತಳು. ಒಮ್ಮೆ ಅಜ್ಜಿಯನ್ನು, ಒಮ್ಮೆ ಅತ್ತಿಗೆಯನ್ನು ನೋಡಿದಳು. ಆಮೇಲೆ ಯಾರೂ ಎಣಿಸದ ಹಾಗೆ ಕುನ್ಸುಲುವಿನ ಹತ್ತಿರ ಬಂದು, ಅವಳ ಸೊಂಟಕ್ಕೆ ತಲೆ ಆನಿಸಿ ನಿಂತಳು. ಹುಲ್ಲಿನ ವಾಸನೆಯ ತಲೆ, ಬಿಸಿಯಾಗಿತ್ತು. ಇನ್ನು ಹೆದರುವುದಕ್ಕೆ ಏನೂ ಇರಲಿಲ್ಲವಲ್ಲ ಅವಳಿಗೆ. ಕುನ್ಸುಲು ಅಲ್ಲಾಡದೆ ನಿಂತಳು. ಅಲ್ಲಾಡಿದರೆ ಸರಿದುಹೋದೀತು ಎಂದು.

ಸಂಜೆ ಮಕ್ಸುತ್ ಗೇಟಿನ ಹೊರಗೇ ನಿಂತು, ಒಳಗಿನ ಹವೆ ಹೇಗಿದೆ ಎಂದು ಇಣುಕಿದ. ‘ಬಾ ಒಳಗೆ, ಹೇಡಿ’ ಎಂದು ಅಮ್ಮ ಗದರಿದಾಗ ಮೀನಿನ ಗೊಂಚಲನ್ನು ಗುರಾಣಿಯ ಹಾಗೆ ಮುಂದೆ ಹಿಡಿದುಕೊಂಡು ಬಂದ. ಅಂಗಳದ ಕಟ್ಟೆಯ ಮೇಲೆ ಟೀಗೆ ಕೂತರು. ಮೋಲ್ದಿರ್ ಅತ್ತಿಗೆಯ ಪಕ್ಕ ಕೂತು ಅವಳ ಫೋನಿನಲ್ಲಿ ಮಿಡತೆಯ ಚಿತ್ರಗಳನ್ನು ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ತಲೆ ಎತ್ತಿದಳು.

‘ಅತ್ತಿಗೆ, ರೋಮ್‌ಗೆ ಬರ್ತೀನಿ ಅಂತ ಅವ್ರಿಗೆ ಹೇಳ್ಬಿಟ್ಯಾ?’

‘ಇಲ್ಲ. ನಾಳೆ ಹೇಳ್ಬೇಕು. ಇನ್ಮೇಲೆ ನಂಗೆ ರೋಮ್ ಯಾಕೆ? ಇಥಿಯೋಪಿಯಾದಲ್ಲೇ ಇರ್ತೀನಿ ಅಂತ ಹೇಳ್ತೀನಿ. ನಂಗೆ ಬಯಲಿನ ಕೆಲಸನೇ ಇಷ್ಟ.’

ಹುಡುಗಿ ಯೋಚಿಸಿದಳು. ಫೋನಿನ ಮೇಲೆ ಬೆರಳಿಟ್ಟುಕೊಂಡೇ ಯೋಚಿಸಿದಳು.

‘ಎಲ್ಲಿಂದ ಬೇಗ ಬರ್ಬೋದು ಇಲ್ಲಿಗೆ?’

ಕುನ್ಸುಲು ಟೀ ಸುರಿಯುವುದನ್ನು ನಿಲ್ಲಿಸಿದಳು. ದೇಶ ದೇಶ ಸುತ್ತಿದ ಇಷ್ಟು ವರ್ಷಗಳಲ್ಲಿ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ.

‘ರೋಮ್‌ನಿಂದ. ರಜೆನೂ ಜಾಸ್ತಿ ಸಿಗತ್ತೆ.’

‘ಹಂಗಾದ್ರೆ ರೋಮ್‌ಗೇ ಹೋಗು’ ಎಂದು ಮೋಲ್ದಿರ್ ಮತ್ತೆ ಮಿಡತೆ ನೋಡತೊಡಗಿದಳು.

ಬಾತಿಮಾ ಮೀನು ಕೊಯ್ಯುವ ನೆಪದಲ್ಲಿ ಎದ್ದು ಒಳಗೆ ಹೋದಳು. ಕುನ್ಸುಲು ಅಲ್ಲೇ, ಮಗುವಿನ ಭುಜ ತನ್ನ ತೋಳಿಗೆ ತಾಗಿರುವಾಗಲೇ, ಫೋನನ್ನು ಮೆಲ್ಲಗೆ ಇಸಿದುಕೊಂಡು ಒಪ್ಪಿಗೆ ಬರೆದು ಕಳಿಸಿ, ಮತ್ತೆ ಅವಳ ಕೈಗೇ ಕೊಟ್ಟಳು.